ಇಸುಜು ವಿ-ಕ್ರಾಸ್ ಪಿಕಪ್‌ಗೆ ಮನೆಯಲ್ಲೇ ಲಿಫ್ಟ್ ಕಿಟ್ (ಗಾಡಿ ಎತ್ತರಿಸುವ ಬಿಡಿಭಾಗಗಳು) ಹಾಕುವವರಿಗೆ

ಈ ಬದಲಾವಣೆಗೆ ಅನುಮತಿ ಇದೆಯಾ ಅಂತ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬೇಡಿ, ಚಾಸಿಗೆ ಸ್ಟ್ಯಾಂಡ್ ಕೊಡಿ. ಮುಂದಿನ ಶಾಕ್ ತಲೆಯ ನಡುವಿನ ನಟ್ ಮುಟ್ಟಬೇಡಿ. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಸ್ಪ್ರಿಂಗ್ ಚಿಮ್ಮಿ ಜೀವಕ್ಕೇ ಅಪಾಯ. ಆ ಕೆಲಸ ಗ್ಯಾರೇಜಿಗೆ ಬಿಡಿ.

ತುಂಬಾ ಜನ ಎಡವುವುದು ಚಕ್ರವನ್ನು ಚಾಸಿಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ಬೋಲ್ಟಿನಲ್ಲಿ. ಚಕ್ರ ನೇತಾಡುವಾಗಲೇ ಬಿಗಿ ಮಾಡಿಬಿಟ್ಟರೆ, ಗಾಡಿ ಕೆಳಗಿಳಿದ ಮೇಲೆ ಒಳಗಿನ ರಬ್ಬರ್ ಬುಷ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿದುಹೋಗುತ್ತದೆ. ಸುಮ್ನೆ ಕೈಬಿಗಿ ಇಟ್ಟು, ಪೂರ್ತಿ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಟಾರ್ಕ್ ರೆಂಚ್‌ನಿಂದ ಪೂರ್ತಿ ಬಿಗಿ ಮಾಡಿ. ಹಿಂದಿನ ಲೀಫ್ ಸ್ಪ್ರಿಂಗಿಗೆ ಹಳೆಯ ಯು-ಬೋಲ್ಟ್ ಬೇಡ, ಹೊಸದೇ ಹಾಕಿ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಳೆದುಕೊಳ್ಳುತ್ತಿದೆಯಾ ನೋಡಿ. ಆಮೇಲೆ ನೇರ ವೀಲ್ ಅಲೈನ್‌ಮೆಂಟಿಗೆ ಹೋಗಿ, ಹೆಡ್‌ಲೈಟ್ ಬೆಳಕಿನ ಕೋನ ಕೂಡ ತಗ್ಗಿಸಿಕೊಳ್ಳಿ.