ಹಳ್ಳಿ ಕೌಂಟಿಯಲ್ಲಿ ಮನೆ ಅಗ್ಗ, ಬದುಕೂ ಅಗ್ಗವಾ? ಲೆಕ್ಕ ಹಾಕುವುದು ಹೀಗೆ

ಅಮೆರಿಕದ ಅಯೋವಾ ರಾಜ್ಯದ ಯಾವುದೋ ಸಣ್ಣ ಊರಲ್ಲಿ ಕೆಲಸ ಸಿಕ್ಕಿತು ಅಂದ ತಕ್ಷಣ ಎಲ್ಲರೂ ಮೊದಲು ಮಾಡುವುದು ಝಿಲ್ಲೋ ಅನ್ನುವ ಮನೆ ಹುಡುಕುವ ಸೈಟಿನಲ್ಲಿ ಬೆಲೆ ನೋಡುವುದು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮುಂಗಡಕ್ಕೂ ಸಾಲದ ದುಡ್ಡಿಗೆ ಇಲ್ಲಿ ಇಡೀ ಮನೆ, ಬೇಸ್‌ಮೆಂಟು, ಹಿಂದೆ ಮುಂದೆ ಅಂಗಳ. ಆಮೇಲೆ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರಿಗೂ ಹೋಗುತ್ತದೆ. ಮನೆ ಅಗ್ಗ ಅನ್ನುವುದು ಸುಳ್ಳಲ್ಲ. ಆದರೆ ಅಲ್ಲಿ ಉಳಿದ ದುಡ್ಡಿನಲ್ಲಿ ಒಂದಷ್ಟು ಕಾರಿಗೆ, ಚಳಿಗೆ, ದೂರಕ್ಕೆ ಹೋಗುತ್ತದೆ. ಎಷ್ಟು ಹೋಗುತ್ತದೆ ಅನ್ನುವುದು ನೀವು ಯಾವ ರಸ್ತೆಯಲ್ಲಿ ಮನೆ ಹಿಡಿದಿರಿ ಅನ್ನುವುದರ ಮೇಲಿದೆ. ಹಾಗಾಗಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಭಾಗ) ಸರಾಸರಿ ನೋಡಿ ಸುಮ್ನೆ ಕೂರಬೇಡಿ. ಒಂದು ವಿಳಾಸ ಹಿಡಿದು ಲೆಕ್ಕ ಹಾಕಿ.

ಉದಾಹರಣೆಗೆ ಜೆಫರ್ಸನ್ ಕೌಂಟಿ ತೆಗೆದುಕೊಳ್ಳೋಣ. ಅಯೋವಾದ 99 ಕೌಂಟಿಗಳಲ್ಲಿ ಒಂದು, ರಾಜ್ಯದ ಆಗ್ನೇಯ ಮೂಲೆಯಲ್ಲಿದೆ. 2020ರ ಜನಗಣತಿಯಲ್ಲಿ 15,663 ಜನ, ಅಂದರೆ ನಮ್ಮ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲ. ಅದರಲ್ಲಿ 9,416 ಜನ ಇರುವುದು ಫೇರ್‌ಫೀಲ್ಡ್ ಅನ್ನುವ ಒಂದೇ ಊರಲ್ಲಿ. ಸುತ್ತ ಜೋಳ, ಸೋಯಾ, ಹಂದಿ. ನಮ್ಮವರಿಗೆ ಇದು ತೀರಾ ಅಪರಿಚಿತ ಜಾಗವೂ ಅಲ್ಲ. ಮಹರ್ಷಿ ಮಹೇಶ್ ಯೋಗಿಯವರ ವಿಶ್ವವಿದ್ಯಾಲಯ 1974ರಲ್ಲಿ ಇಲ್ಲಿಗೆ ಬಂತು. ಕಂಪ್ಯೂಟರ್ ಎಂಎಸ್ ಮಾಡಲು ಭಾರತದಿಂದ ಹುಡುಗರು ಬರುತ್ತಾರೆ, ಕೆಲವು ತಿಂಗಳು ಕ್ಯಾಂಪಸ್‌ನಲ್ಲಿ ಓದಿ ಆಮೇಲೆ ಕೆಲಸದ ತರಬೇತಿಗೆ ಬೇರೆ ಊರಿಗೆ ಹೋಗುತ್ತಾರೆ. ಇಂಥ ಹಳ್ಳಿ ಕೌಂಟಿಗಳಿಗೆ ಬರುವ ಇನ್ನೊಂದು ಗುಂಪು ಡಾಕ್ಟರುಗಳದು. ಜೆ-1 ವೀಸಾದಲ್ಲಿ ಬಂದು ರೆಸಿಡೆನ್ಸಿ ಮುಗಿಸಿದವರು ಎರಡು ವರ್ಷ ಊರಿಗೆ ವಾಪಸ್ ಹೋಗುವ ಷರತ್ತಿನಿಂದ ತಪ್ಪಿಸಿಕೊಳ್ಳಬೇಕಾದರೆ, ಕಾನ್ರಾಡ್ 30 ಯೋಜನೆಯಡಿ ಡಾಕ್ಟರುಗಳ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ರಾಜ್ಯಕ್ಕೆ ವರ್ಷಕ್ಕೆ 30 ಸೀಟು. ಮೂರು ವರ್ಷ ಇರಲೇಬೇಕು ಅಂದ ಮೇಲೆ ಲೆಕ್ಕ ಗಟ್ಟಿಯಾಗಿರಬೇಕು, ಅಲ್ವಾ?

1. ಅಂಕಿ ಎಲ್ಲಿಂದ ಬಂತು ಅಂತ ಮೊದಲು ನೋಡಿ

'ಕಾಸ್ಟ್ ಆಫ್ ಲಿವಿಂಗ್' ಅಂತ ಗೂಗಲ್ ಮಾಡಿದರೆ ಪ್ರತಿ ಕೌಂಟಿಗೂ ಒಂದು ನಂಬರ್ ಕೊಡುವ ಹತ್ತಾರು ಸೈಟುಗಳು ಸಿಗುತ್ತವೆ. ಅದರಲ್ಲಿ ಬಹಳಷ್ಟು ಅಂದಾಜು. ಅಮೆರಿಕದ ಸರ್ಕಾರ ಪ್ರಕಟಿಸುವ ಬೆಲೆ ಹೋಲಿಕೆ ರಾಜ್ಯಕ್ಕೆ, ಮಹಾನಗರಕ್ಕೆ, ಮತ್ತೆ ರಾಜ್ಯದ ಉಳಿದ ಗ್ರಾಮೀಣ ಭಾಗಕ್ಕೆಲ್ಲ ಸೇರಿಸಿ ಒಂದು. ಒಂದೊಂದು ಕೌಂಟಿಗೂ ಬೇರೆ ಬೇರೆ ಇಲ್ಲ. ಆ ಲೆಕ್ಕದಲ್ಲಿ ಅಯೋವಾ ದೇಶದ ಸರಾಸರಿಗಿಂತ ಸುಮಾರು ಶೇ 12ರಷ್ಟು ಅಗ್ಗ, ಕ್ಯಾಲಿಫೋರ್ನಿಯಾ ಹೆಚ್ಚುಕಮ್ಮಿ ಅಷ್ಟೇ ದುಬಾರಿ. ಈ ವ್ಯತ್ಯಾಸದ ದೊಡ್ಡ ಪಾಲು ಮನೆಯದು. ಹಾಲು, ಟೈರು, ಫೋನ್ ಬಿಲ್ ಇವೆಲ್ಲ ಅಂಥ ಅಗ್ಗವೇನಲ್ಲ.

ಬಾಡಿಗೆಗೆ ಹಡ್ ಅನ್ನುವ ಅಮೆರಿಕದ ವಸತಿ ಇಲಾಖೆಯ 'ಫೇರ್ ಮಾರ್ಕೆಟ್ ರೆಂಟ್' ನೋಡಿ. ಕೌಂಟಿವಾರು, ಬೆಡ್‌ರೂಮುವಾರು ಸಿಗುತ್ತದೆ, ಪ್ರತಿ ಅಕ್ಟೋಬರ್‌ನಲ್ಲಿ ಹೊಸದು ಬರುತ್ತದೆ. ಅದರಲ್ಲಿ ಕರೆಂಟು, ನೀರು, ಗ್ಯಾಸ್ ಸೇರಿದೆ, ಇಂಟರ್ನೆಟ್ ಸೇರಿಲ್ಲ. ಆದಾಯ, ಮನೆ ಬೆಲೆಗೆ ಜನಗಣತಿ ಇಲಾಖೆಯ ಸಮೀಕ್ಷೆ ಇದೆ. ಒಂದು ವರ್ಷದ ಅಂಕಿ 65,000ಕ್ಕಿಂತ ಜಾಸ್ತಿ ಜನ ಇರುವ ಜಾಗಕ್ಕೆ ಮಾತ್ರ ಬರುತ್ತದೆ, ಸಣ್ಣ ಕೌಂಟಿಗೆ ಐದು ವರ್ಷ ಒಟ್ಟು ಸೇರಿಸಿದ ಅಂಕಿಯೇ ಗತಿ. ಅಂದರೆ ಕೋವಿಡ್ ನಂತರ ಬಾಡಿಗೆ ಏರಿದ್ದು ಅದರಲ್ಲಿ ತಡವಾಗಿ ಕಾಣುತ್ತದೆ. ಪಕ್ಕದಲ್ಲಿ ತಪ್ಪಿನ ಅಂತರವನ್ನೂ, ಅಂದರೆ ಅಂಕಿ ಎಷ್ಟು ಆಚೀಚೆ ಆಗಬಹುದು ಅನ್ನುವುದನ್ನೂ, ಕೊಟ್ಟಿರುತ್ತಾರೆ, ಅದನ್ನು ಬಿಟ್ಟು ಓದಬೇಡಿ. ಬದುಕಲು ಎಷ್ಟು ಸಂಬಳ ಬೇಕು ಅಂತ ಹೇಳುವ ಎಂಐಟಿಯ ಲಿವಿಂಗ್ ವೇಜ್ ಕ್ಯಾಲ್ಕುಲೇಟರ್ ಕೂಡ ಕೌಂಟಿವಾರು ಇದೆ, ಆದರೆ ಅದರಲ್ಲಿ ಹೋಟೆಲ್ ಊಟ ಇಲ್ಲ, ಉಳಿತಾಯ ಇಲ್ಲ, ಊರಿಗೆ ಬರುವ ಟಿಕೆಟ್ಟಂತೂ ಇಲ್ಲವೇ ಇಲ್ಲ.

2. ಊರೊಳಗಾ, ಊರಾಚೆಯಾ?

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ದೊಡ್ಡ ತೀರ್ಮಾನ ಇದೇ. ಊರೊಳಗಿನ ಮನೆಗೆ ಸಾಮಾನ್ಯವಾಗಿ ಪೈಪಿನ ಗ್ಯಾಸ್, ನಗರದ ನೀರು, ಚರಂಡಿ ಇರುತ್ತದೆ. ಐದು ಮೈಲಿ ಆಚೆ ಹೋದರೆ ಅಂಗಳದಲ್ಲಿ ಮನೆ ಬೆಚ್ಚಗಿಡುವ ಪ್ರೊಪೇನ್ ಗ್ಯಾಸಿನ ಟ್ಯಾಂಕು, ಬಾವಿ ಅಥವಾ ಗ್ರಾಮೀಣ ನೀರಿನ ಸಂಪರ್ಕ, ಸೆಪ್ಟಿಕ್ ಟ್ಯಾಂಕು. ಅದೇ ಬೆಲೆಗೆ ಎರಡು ಪಟ್ಟು ಜಾಗ ಸಿಗಬಹುದು, ಜೊತೆಗೆ ಈ ತಲೆನೋವೆಲ್ಲ ನಿಮ್ಮದೇ.

ಪ್ರೊಪೇನ್ ಲೆಕ್ಕ ಹೀಗೆ. 500 ಗ್ಯಾಲನ್ ಟ್ಯಾಂಕಿಗೆ ಶೇ 80ರಷ್ಟೇ ತುಂಬುತ್ತಾರೆ, ಅಂದರೆ 400 ಗ್ಯಾಲನ್. ಗ್ಯಾಲನ್ನಿಗೆ 2 ಡಾಲರ್ ಅಂತಿಟ್ಟುಕೊಂಡರೆ ಒಂದು ಸಲಕ್ಕೆ 800 ಡಾಲರ್. ಹಳೆಯ, ಗಾಳಿ ನುಗ್ಗುವ ತೋಟದ ಮನೆಯಾದರೆ ಒಂದೇ ಚಳಿಗಾಲದಲ್ಲಿ ಎರಡು ಮೂರು ಸಲ ತುಂಬಿಸಬೇಕಾದೀತು. ಬೇಸಿಗೆಯಲ್ಲೇ ದರ ಮಾತಾಡಿ ಮುಂಗಡ ಕೊಟ್ಟುಬಿಡುವುದು ಅಲ್ಲಿನವರ ರೂಢಿ, ಜನವರಿಯಲ್ಲಿ ಫೋನ್ ಮಾಡಿದವರಿಗೆ ಬೆಲೆ ಬೇರೆಯೇ ಇರಬಹುದು. ಟ್ಯಾಂಕು ಸ್ವಂತದ್ದಾ, ಕಂಪನಿಯಿಂದ ಬಾಡಿಗೆಗೆ ತಂದದ್ದಾ ಅಂತಲೂ ಕೇಳಿ, ಬಾಡಿಗೆಯದಾದರೆ ಬೇರೆಯವರ ಹತ್ತಿರ ತುಂಬಿಸುವಂತಿಲ್ಲ. ಮನೆ ನೋಡಲು ಹೋದಾಗ ಹಿಂದಿನ 12 ತಿಂಗಳ ಬಿಲ್ ತೋರಿಸಿ ಅನ್ನಲು ನಾಚಿಕೆ ಪಡಬೇಡಿ.

ಸೆಪ್ಟಿಕ್ ವ್ಯವಸ್ಥೆಯನ್ನು ಮನೆ ಮಾರುವಾಗ ತಪಾಸಣೆ ಮಾಡಿಸಲೇಬೇಕು ಅನ್ನುವ ನಿಯಮ ಅಯೋವಾದಲ್ಲಿ 2009ರಿಂದ ಇದೆ. ಆ ವರದಿ ಕೇಳಿ ತೆಗೆದುಕೊಳ್ಳಿ. ಬಾವಿ ನೀರಾದರೆ ನೈಟ್ರೇಟ್ ಪರೀಕ್ಷೆ ಬಿಡಬೇಡಿ. ಸುತ್ತ ಎಲ್ಲ ಗೊಬ್ಬರ ಹಾಕಿದ ಹೊಲ. ಮಿತಿ ಲೀಟರಿಗೆ 10 ಮಿಲಿಗ್ರಾಂ, ಅದಕ್ಕಿಂತ ಜಾಸ್ತಿ ಇದ್ದರೆ ಹಸುಗೂಸಿಗೆ ಅಪಾಯ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಊರಿಂದ ಬಾಣಂತನಕ್ಕೆ ಬರುವ ಅಮ್ಮಂದಿರಿಗೆ ಮೊದಲೇ ಹೇಳಿಬಿಡಿ, ಕುದಿಸಿ ಆರಿಸಿದ ನೀರು ಅಂದರೆ ನಮಗೆಲ್ಲ ಅಷ್ಟು ನಂಬಿಕೆ. ಕೌಂಟಿಯ ಆರೋಗ್ಯ ವಿಭಾಗದ ಮೂಲಕ ಪರೀಕ್ಷೆಗೆ ರಾಜ್ಯದ ಅನುದಾನವೂ ಇದೆ, ವಿಚಾರಿಸಿ.

ಊರೊಳಗಿರಲಿ ಆಚೆ ಇರಲಿ, ರೇಡಾನ್ ಪರೀಕ್ಷೆ ಮಾಡಿಸಿ. ನೆಲದಿಂದ ಏಳುವ ವಿಕಿರಣದ ಅನಿಲ ಅದು. ಬಣ್ಣ ಇಲ್ಲ, ವಾಸನೆ ಇಲ್ಲ, ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಪರಿಸರ ಇಲಾಖೆಯ ನಕ್ಷೆಯಲ್ಲಿ ಅಯೋವಾದ ಎಲ್ಲ 99 ಕೌಂಟಿಗಳೂ ಅತಿ ಹೆಚ್ಚು ಅಪಾಯದ ವಲಯದಲ್ಲೇ ಇವೆ.

ಇಂಟರ್ನೆಟ್ಟಿಗೆ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿಯ ಬ್ರಾಡ್‌ಬ್ಯಾಂಡ್ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ, ಆಮೇಲೆ ಪಕ್ಕದ ಮನೆಯವರನ್ನೂ ಕೇಳಿ. ನಕ್ಷೆಯಲ್ಲಿರುವುದು ಕಂಪನಿಗಳು ಹೇಳಿಕೊಂಡ ವೇಗ.

ಇನ್ನೊಂದು ವಿಷಯ, ಇದು ಈ ಕೌಂಟಿಗೆ ಮಾತ್ರ. ಫೇರ್‌ಫೀಲ್ಡ್ ಪಕ್ಕದಲ್ಲಿ 2001ರಲ್ಲಿ ಮಹರ್ಷಿ ವೇದಿಕ್ ಸಿಟಿ ಅಂತಲೇ ಒಂದು ಊರು ಹುಟ್ಟಿತು. ಅಲ್ಲಿನ ಮನೆಗಳೆಲ್ಲ ಪೂರ್ವಕ್ಕೆ ಮುಖ, ಮೇಲೆ ಕಳಶ, ಒಳಗೆ ಬ್ರಹ್ಮಸ್ಥಾನ. ಜೋಳದ ಹೊಲದ ಮಧ್ಯೆ ಅಮೆರಿಕದವರು ವಾಸ್ತು ವಿವರಿಸುವುದನ್ನು ಕೇಳುವುದು ಒಂದು ಮಜಾ. ಮನೆಯ ಜಾಹೀರಾತಿನಲ್ಲಿ ವಾಸ್ತು ಅಂತ ಕಂಡರೆ ಬೆಲೆಯನ್ನು ಪಕ್ಕದ ಮಾಮೂಲಿ ಮನೆಯ ಜೊತೆ ಹೋಲಿಸಿ ನೋಡಿ. ನಿಮಗೆ ನಂಬಿಕೆ ಇದ್ದರೆ ಸರಿ, ಇಲ್ಲದಿದ್ದರೆ ಸುಮ್ನೆ ಯಾಕೆ ಜಾಸ್ತಿ ಕೊಡಬೇಕು?

3. ತೆರಿಗೆ, ವಿಮೆ

2025ರಿಂದ ಅಯೋವಾದ ಆದಾಯ ತೆರಿಗೆ ಎಲ್ಲರಿಗೂ ಒಂದೇ, ಶೇ 3.8. ಮಾರಾಟ ತೆರಿಗೆ ರಾಜ್ಯದ್ದು ಶೇ 6, ಹೆಚ್ಚಿನ ಊರುಗಳಲ್ಲಿ ಅದರ ಮೇಲೆ ಸ್ಥಳೀಯವಾಗಿ ಇನ್ನೂ ಶೇ 1. ಮನೆಗೆ ತರುವ ದಿನಸಿಗೆ ತೆರಿಗೆ ಇಲ್ಲ, ಅದು ಒಳ್ಳೆಯದು.

ಆಸ್ತಿ ತೆರಿಗೆ ಮೊದಲ ಸಲ ನೋಡಿದರೆ ತಲೆ ತಿರುಗುತ್ತದೆ. ದರ ಸಾವಿರ ಡಾಲರಿಗೆ 35 ಅಂತ ಕಂಡರೆ 1,50,000 ಡಾಲರ್ ಮನೆಗೆ 5,250 ಆಯಿತಲ್ಲ ಅಂತ ಗಾಬರಿಯಾಗಬೇಡಿ. ವಾಸದ ಮನೆಗೆ 'ರೋಲ್‌ಬ್ಯಾಕ್' ಇದೆ, ಈಚಿನ ವರ್ಷಗಳಲ್ಲಿ ಮನೆ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗಕ್ಕೆ ಮಾತ್ರ ದರ ಹಾಕುತ್ತಾರೆ. ಶೇ 47 ಅಂತಿಟ್ಟುಕೊಂಡರೆ 70,500ಕ್ಕೆ ತೆರಿಗೆ, ಅಂದರೆ ಸುಮಾರು 2,470. ಸ್ವಂತ ವಾಸಕ್ಕಾದರೆ ಹೋಮ್‌ಸ್ಟೆಡ್ ರಿಯಾಯಿತಿಗೆ ಜುಲೈ 1ರೊಳಗೆ ಆಸ್ತಿಗೆ ಬೆಲೆ ಕಟ್ಟುವ ಅಸೆಸರ್ ಕಚೇರಿಗೆ ಅರ್ಜಿ ಕೊಡಿ. ಕಟ್ಟುವುದು ಸೆಪ್ಟೆಂಬರ್ ಮತ್ತು ಮಾರ್ಚ್‌ನಲ್ಲಿ, ಎರಡು ಕಂತು.

ವಿಮೆ ಈಗೀಗ ಜಾಸ್ತಿಯಾಗಿದೆ. 2020ರ ಆಗಸ್ಟ್ 10ರಂದು ಡೆರೆಚೊ ಅನ್ನುವ ಬಿರುಗಾಳಿ ಅಯೋವಾದ ಉದ್ದಕ್ಕೂ ಹೊಡೆದುಕೊಂಡು ಹೋಯಿತು, ಸೀಡರ್ ರ‍್ಯಾಪಿಡ್ಸ್ ನಗರದಲ್ಲಿ ಮರ, ಛಾವಣಿ ಏನೂ ಉಳಿಯಲಿಲ್ಲ ಅನ್ನುವ ಹಾಗಾಯಿತು. ಆಲಿಕಲ್ಲಿನ ಕಾಟವೂ ಇದೆ. ಪಾಲಿಸಿಯಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಶೇಕಡಾ ಲೆಕ್ಕದಲ್ಲಿದೆಯಾ ನೋಡಿ. 2,50,000 ಡಾಲರ್ ವಿಮೆಗೆ ಶೇ 2 ಅಂದರೆ ಮೊದಲ 5,000 ನಿಮ್ಮ ಕೈಯಿಂದ.

4. ದೂರಕ್ಕೆ ಬೆಲೆ ಕಟ್ಟಿ

ಕಾರಿಲ್ಲದೆ ಇಲ್ಲಿ ಬದುಕು ಬಹಳ ಕಷ್ಟ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಎರಡು ಕಾರು ಬೇಕೇ ಬೇಕು. ಶಿಕಾಗೊದಿಂದ ಹೊರಡುವ ಆಮ್‌ಟ್ರ್ಯಾಕ್ ರೈಲು ಫೇರ್‌ಫೀಲ್ಡ್ ಊರೊಳಗಿಂದಲೇ ಹಾದು ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಹತ್ತಬೇಕಾದರೆ ಪೂರ್ವಕ್ಕೆ ಮೌಂಟ್ ಪ್ಲೆಸೆಂಟ್‌ಗೋ ಪಶ್ಚಿಮಕ್ಕೆ ಆಟಮ್ವಾಗೋ ಹೋಗಬೇಕು.

ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ಕೆಲಸದ ಓಡಾಟಕ್ಕೆ ಮೈಲಿಗೆ 70 ಸೆಂಟ್ ಅಂತ ನಿಗದಿ ಮಾಡಿತ್ತು. ಪೆಟ್ರೋಲು, ಟೈರು, ವಿಮೆ, ಕಾರಿನ ಸವಕಳಿ ಎಲ್ಲ ಸೇರಿದ ಲೆಕ್ಕ ಅದು. ಅದನ್ನೇ ಇಟ್ಟುಕೊಳ್ಳಿ. ಆಟಮ್ವಾದಲ್ಲಿ ಜಾನ್ ಡಿಯರ್ ಕಾರ್ಖಾನೆ ಇದೆ, ಫೇರ್‌ಫೀಲ್ಡ್‌ನಿಂದ ಸುಮಾರು 25 ಮೈಲಿ. ಹೋಗಿ ಬಂದರೆ ದಿನಕ್ಕೆ 35 ಡಾಲರ್, ವರ್ಷಕ್ಕೆ 240 ದಿನ ಅಂದರೆ 8,400. ತಿಂಗಳಿಗೆ 700 ಆಯಿತು, ಅಗ್ಗದ ಮನೆಯ ಬಾಡಿಗೆಗೆ ಇದನ್ನೂ ಸೇರಿಸಿ ನೋಡಿ.

ತಜ್ಞ ವೈದ್ಯರಿಗೆ, ಇಂಡಿಯನ್ ಅಂಗಡಿಗೆ ಅಂತ ಅಯೋವಾ ಸಿಟಿಗೆ ಹೋದರೆ ಸುಮಾರು 60 ಮೈಲಿ, ಹೋಗಿ ಬರಲು 84 ಡಾಲರ್. ಮಾಮೂಲಿ ದಿನಸಿಗೆ ಊರಲ್ಲೇ ಹೈ-ವೀ, ವಾಲ್‌ಮಾರ್ಟ್ ಇವೆ. ಮಹರ್ಷಿಯವರ ಕ್ರಮದಲ್ಲಿ ಧ್ಯಾನ ಮಾಡುವವರ ದೆಸೆಯಿಂದ ಎವರಿಬಡೀಸ್ ಅನ್ನುವ ಸಾವಯವ ಅಂಗಡಿಯೂ ಇದೆ, ಸಸ್ಯಾಹಾರಿಗಳಿಗೆ ಇಷ್ಟು ಸಣ್ಣ ಅಯೋವಾ ಊರಲ್ಲಿ ಇಂಥ ಅನುಕೂಲ ಅಪರೂಪ. ದೇವಸ್ಥಾನ ಬೇಕು ಅಂದರೆ ರಾಜಧಾನಿ ಡಿಮಾಯ್ನ್ ಬಳಿಯ ಮ್ಯಾಡ್ರಿಡ್‌ನಲ್ಲಿದೆ, ಎರಡು ಗಂಟೆಗೂ ಜಾಸ್ತಿ ದಾರಿ. ವಿಮಾನಕ್ಕೆ ಸೀಡರ್ ರ‍್ಯಾಪಿಡ್ಸ್, ಅಲ್ಲಿಂದ ಇನ್ನೊಂದು ದೊಡ್ಡ ನಿಲ್ದಾಣ, ಆಮೇಲೆ ಬೆಂಗಳೂರು.

5. ಆಸ್ಪತ್ರೆ, ಶಾಲೆ

ಇಂಥ ಕೌಂಟಿಗಳ ಆಸ್ಪತ್ರೆಗಳು ಹೆಚ್ಚಾಗಿ 'ಕ್ರಿಟಿಕಲ್ ಆ್ಯಕ್ಸೆಸ್' ದರ್ಜೆಯವು, 25 ಹಾಸಿಗೆಗಿಂತ ಜಾಸ್ತಿ ಇರುವುದಿಲ್ಲ. ತುರ್ತು ಚಿಕಿತ್ಸೆ ಸಿಗುತ್ತದೆ, ದೊಡ್ಡ ಕಾಯಿಲೆಗೆ ಅಯೋವಾ ಸಿಟಿಯ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಕಳಿಸುತ್ತಾರೆ. ಹೆರಿಗೆ ವಿಭಾಗ ಇದೆಯಾ ಅಂತ ಫೋನ್ ಮಾಡಿ ಕೇಳಿ. ಅಯೋವಾದ ಅನೇಕ ಗ್ರಾಮೀಣ ಆಸ್ಪತ್ರೆಗಳು ಅದನ್ನು ಮುಚ್ಚಿಬಿಟ್ಟಿವೆ, ಹಳೆಯ ವೆಬ್‌ಪೇಜ್ ನಂಬಿ ಕೂರಬೇಡಿ. ನಿಮ್ಮ ವಿಮೆಯ ನೆಟ್‌ವರ್ಕಿನಲ್ಲಿ ಎರಡೂ ಆಸ್ಪತ್ರೆ ಇವೆಯಾ ನೋಡಿ.

ನಾಲ್ಕು ವರ್ಷದ ಮಕ್ಕಳಿಗೆ ರಾಜ್ಯದ ಉಚಿತ ಪ್ರಿಸ್ಕೂಲ್ ಇದೆ, ಆದರೆ ಅದು ವಾರಕ್ಕೆ 10 ಗಂಟೆ ಅಷ್ಟೇ. ಉಳಿದ ಹೊತ್ತು ಮಗು ನೋಡಿಕೊಳ್ಳುವವರು ಸಿಗುವುದೇ ದೊಡ್ಡ ಸಮಸ್ಯೆ. ಕೆಲಸದ ಆಫರ್‌ಗೆ ಸಹಿ ಹಾಕುವ ಮೊದಲೇ ಡೇಕೇರ್‌ನ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ.

6. ಗಾಳಿ ಯಾವ ಕಡೆಯಿಂದ ಬೀಸುತ್ತದೆ?

ತಮಾಷೆಯಲ್ಲ. ಅಯೋವಾದಲ್ಲಿ ಜನ 32 ಲಕ್ಷ, ಹಂದಿ 2 ಕೋಟಿಗೂ ಜಾಸ್ತಿ. ಸಾವಿರಗಟ್ಟಲೆ ಹಂದಿ ಸಾಕುವ ಉದ್ದನೆಯ ಶೆಡ್ಡುಗಳು ಹೊಲದ ಮಧ್ಯೆ ಇರುತ್ತವೆ, ಆ ಗೊಬ್ಬರವನ್ನು ಹೊಲಕ್ಕೆ ಹಾಕುವ ವಾರ ಕಿಟಕಿ ತೆಗೆಯುವ ಹಾಗಿಲ್ಲ. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ (ಡಿಎನ್ಆರ್) ವೆಬ್‌ಸೈಟಿನಲ್ಲಿ ಇವುಗಳ ನಕ್ಷೆ ಇದೆ, ನಿಮ್ಮ ವಿಳಾಸದ ಸುತ್ತ ಎರಡು ಮೂರು ಮೈಲಿ ನೋಡಿ. ಬೇಸಿಗೆಯಲ್ಲಿ ದಕ್ಷಿಣದ ಗಾಳಿ ಜಾಸ್ತಿ, ಹಾಗಾಗಿ ಮನೆಯ ದಕ್ಷಿಣಕ್ಕೆ ಶೆಡ್ ಇದ್ದರೆ ಇನ್ನೊಂದು ಸಲ ಯೋಚಿಸಿ.

ರಸ್ತೆಯನ್ನೂ ನೋಡಿ. ಜಲ್ಲಿ ರಸ್ತೆ ಅಂದರೆ ಬೇಸಿಗೆಯಲ್ಲಿ ಧೂಳು, ಮಾರ್ಚ್‌ನಲ್ಲಿ ಮಂಜು ಕರಗಿದಾಗ ಕೆಸರು. 'ಲೆವೆಲ್ ಬಿ' ಅಂತ ಬೋರ್ಡ್ ಇದ್ದರೆ ಅದು ಕೌಂಟಿಯವರು ಹೆಚ್ಚು ನಿರ್ವಹಣೆ ಮಾಡದ ಮಣ್ಣಿನ ರಸ್ತೆ, ನಿಮ್ಮ ಜವಾಬ್ದಾರಿಯಲ್ಲಿ ಹೋಗಿ ಅಂತ ಅದರ ಮೇಲೇ ಬರೆದಿರುತ್ತದೆ. ಜಿಪಿಎಸ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ.

7. ಫೆಬ್ರವರಿಯಲ್ಲಿ ಹೋಗಿ ಬನ್ನಿ

ಜೂನ್‌ನಲ್ಲಿ ಹೋದರೆ ಎಲ್ಲರಿಗೂ ಇಷ್ಟವಾಗುತ್ತದೆ. ಹಸಿರು ಹೊಲ, ಊರ ಸುತ್ತ ಸುಮಾರು 16 ಮೈಲಿಯ ಸೈಕಲ್ ದಾರಿ, ಚೌಕದಲ್ಲಿ ಸಂಗೀತ. ಚಳಿಗಾಲದಲ್ಲಿ ಹೋಗಿ, ಬಾಡಿಗೆ ಮನೆ ಹಿಡಿದು ಒಂದಷ್ಟು ದಿನ ಇರಿ. ಬೆಳಗ್ಗೆ ಆಫೀಸಿನ ಹೊತ್ತಿಗೆ ಕಾರು ಓಡಿಸಿ, ರಾತ್ರಿ ಎಂಟಕ್ಕೆ ಊಟ ಎಲ್ಲಿ ಸಿಗುತ್ತದೆ ಹುಡುಕಿ, ಲೈಬ್ರರಿಯಲ್ಲಿ ಕೂತು ಜನರನ್ನು ಮಾತಾಡಿಸಿ. ಜೊತೆಯಲ್ಲಿ ಬರುವ ಸಂಗಾತಿಗೆ ಕೆಲಸ ಮಾಡುವ ಅನುಮತಿ ಇಲ್ಲದ ವೀಸಾ ಇದ್ದರೆ ಅವರ ಅಭಿಪ್ರಾಯಕ್ಕೆ ಎರಡು ಓಟು ಕೊಡಿ, ಇಡೀ ದಿನ ಆ ಮನೆಯಲ್ಲಿ ಇರುವವರು ಅವರೇ.

ಆಮೇಲೆ ಒಂದು ಹಾಳೆಯಲ್ಲಿ ಬಾಡಿಗೆ ಅಥವಾ ಕಂತು, ತೆರಿಗೆ, ವಿಮೆ, ಚಳಿಗಾಲದ ಇಂಧನ, ಮೈಲಿಗೆ 70 ಸೆಂಟಿನಂತೆ ಓಡಾಟ, ಡೇಕೇರ್, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಬರೆಯಿರಿ. ಈಗ ಇರುವ ಊರಿನದನ್ನೂ ಪಕ್ಕದಲ್ಲಿ ಬರೆಯಿರಿ. ಡಾಕ್ಟರುಗಳು ಇದನ್ನು ಸಂಬಳ ಮಾತಾಡುವ ಮೊದಲೇ ಮಾಡಿಟ್ಟುಕೊಳ್ಳಬೇಕು. ಗ್ರಾಮೀಣ ಆಸ್ಪತ್ರೆಗಳು ಸಾಗಣೆ ಖರ್ಚು, ಸಾಲ ತೀರಿಸುವ ನೆರವು ಇಂಥವನ್ನು ಕೇಳಿದವರಿಗೆ ಕೊಡುವುದುಂಟು, ಕೇಳದವರಿಗೆ ನೆನಪಿಸುವುದಿಲ್ಲ.