ಅರವತ್ತಾರಕ್ಕೆ ಅಲಿಫ್, ಬೇ

ರಾಯಚೂರಿನಲ್ಲೇ ಲೆಕ್ಕದ ಮೇಷ್ಟ್ರಾಗಿದ್ದು ರಿಟೈರ್ ಆದೆ. ಆಮೇಲೆ ಆರು ವರ್ಷ ಬೆಳಿಗ್ಗೆ ಚಹಾ ಜೊತೆ ಸುಡೊಕು, ಪದಬಂಧ. ಮೆದುಳಿಗೆ ಭರ್ಜರಿ ಕಸರತ್ತು ಅಂತ ಬೀಗುತ್ತಿದ್ದೆ. ಒಂದು ದಿನ ನೋಡ್ತೀನಿ, ಮನೆಯವಳ ಜೊತೆ ಬದನೆಕಾಯಿ ರೇಟು ಮಾತಾಡುತ್ತಲೇ ಸುಡೊಕು ತುಂಬಿ ಮುಗಿಸಿದ್ದೇನೆ. ತಲೆಗೆ ಕೆಲಸವೇ ಇಲ್ಲ! ಅದೇ ವಾರ ತೀನ್ ಕಂದೀಲ್ ಹತ್ತಿರ ಹಳೇ ಶಿಷ್ಯನೊಬ್ಬ ನಮಸ್ಕಾರ ಹೇಳಿದ. ಅವನ ಹೆಸರು ನೆನಪಾಗದೆ ಪೆಚ್ಚಾಗಿ ನಿಂತೆ.

ಟ್ರಂಕಿನಲ್ಲಿ ಅಜ್ಜನ ಕಾಲದ ಜಮೀನಿನ ಕಾಗದ ಇತ್ತು. 1948ರವರೆಗೆ ನಮ್ಮದು ನಿಜಾಮರ ಸೀಮೆ ಅಲ್ವಾ, ಬರಹವೆಲ್ಲ ಉರ್ದು. ನಾನೇ ಓದಬೇಕು ಅಂತ ಹಟ ಹುಟ್ಟಿತು. ಗುರುವಾಗಿ ಸಿಕ್ಕಿದ್ದು ಪಕ್ಕದ ಮನೆ ಟೇಲರ್ ಭಾಯ್ ಮೊಮ್ಮಗಳು, ಆರನೇ ಕ್ಲಾಸಿನ ಹುಡುಗಿ.

ಮೊದಲ ತಿಂಗಳು ಮಾನ ಹೋಯ್ತು. ಜೀಮ್, ಚೇ, ಹೇ, ಖೇ, ನಾಲ್ಕಕ್ಕೂ ಒಂದೇ ಆಕಾರ, ಚುಕ್ಕೆ ಮಾತ್ರ ಬೇರೆ. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಎಡದಿಂದ ಬಲಕ್ಕೆ. ‘ದುವಾ’ (ಪ್ರಾರ್ಥನೆ) ಬರೆಯಲು ಹೋಗಿ ಮೇಲೊಂದು ಚುಕ್ಕೆ ಇಟ್ಟರೆ ‘ದಗಾ’ (ಮೋಸ) ಆಗುತ್ತೆ. “ತಾತಾ, ನುಕ್ತಾ ಎಲ್ಲಿ ಇಟ್ರಿ ನೋಡ್ರಿ!” ಅಂತ ಹುಡುಗಿ ನಗೋಳು. ನಲವತ್ತು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದವನಿಗೆ ಇದು ಆಗಬೇಕಾದ್ದೇ.

ಕ, ಖ ವ್ಯತ್ಯಾಸ ನನಗೆ ಕೇಳಿಸುತ್ತಲೇ ಇರಲಿಲ್ಲ. ದಡ್ಡತನ ಅಂದುಕೊಂಡೆ. ಕಿವಿ ಡಾಕ್ಟರು ಪರೀಕ್ಷಿಸಿ ಮಷೀನು ಹಾಕಿಸಿದರು. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ 14 ಸಂಗತಿಗಳನ್ನು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ 2024ರ ವರದಿ ಪಟ್ಟಿ ಮಾಡಿದೆ. ಅದರಲ್ಲಿ ಬಿಪಿ, ಶುಗರ್ ಜೊತೆ ಕಿವುಡೂ ಇದೆ.

ದಿನಾ ಸಂಜೆ ನಲವತ್ತು ನಿಮಿಷ ಕೂರುತ್ತೇನೆ. ಎರಡು ದಿನದ ಹಿಂದೆ ಕಲಿತ ಪದಗಳನ್ನು ಪುಸ್ತಕ ಮುಚ್ಚಿ ಬರೆಯುವುದು ಮೊದಲು. ನೋಡಿ ಬರೆದರೆ ಏನೂ ಉಳಿಯಲ್ಲ, ಒದ್ದಾಡಿ ನೆನೆದದ್ದೇ ಉಳಿಯೋದು. ಅಮೆರಿಕದ ಟೆಕ್ಸಾಸ್‌ನಲ್ಲಿ 60 ದಾಟಿದವರಿಗೆ ಮೂರು ತಿಂಗಳು ಕೌದಿ ಹೊಲಿಯೋದು, ಕ್ಯಾಮೆರಾ ಬಳಸೋದು ಕಲಿಸಿ ನೋಡಿದ್ದಾರೆ. 2014ರಲ್ಲಿ ಫಲಿತಾಂಶ ಬಂತು: ಅವರ ನೆನಪು ಸುಧಾರಿಸಿತ್ತು. ಸುಮ್ನೆ ಕೂಡಿ ಹರಟೆ ಹೊಡೆದವರಿಗೆ ಅಷ್ಟು ಲಾಭ ಆಗಿರಲಿಲ್ಲ. ಅವರು ಕಲಿತದ್ದು ವಾರಕ್ಕೆ ಸುಮಾರು 15 ಗಂಟೆ. ನನ್ನದು ಐದೂ ಆಗಲ್ಲ, ಹಾಗಾಗಿ ಜಂಬ ಬೇಡ. ಹೆಸರು ಮರೆಯೋದು ಈಗಲೂ ಇದೆ. ಆದರೆ ಒಂದು ವಿಷಯಕ್ಕೆ ಅಂಟಿಕೊಂಡು ಕೂರುವ ತಾಳ್ಮೆ ವಾಪಸು ಬಂದಿದೆ.

ಎಂಟನೇ ತಿಂಗಳಿಗೆ ಕಾಗದ ಬಿಚ್ಚಿದೆ. ಮೊದಲು ಸಿಕ್ಕಿದ್ದು ಇಸವಿ: 1345 ಫಸಲಿ. ಫಸಲಿ ಅಂದರೆ ಕಂದಾಯದ ಲೆಕ್ಕದ ವರ್ಷ; 590 ಕೂಡಿದರೆ ನಮ್ಮ ಇಸವಿ, 1935. ಆಮೇಲೆ ಒಂದು ಪದ... ಖೇ, ಶೀನ್, ಕಾಫ್, ಯೇ. ಖುಷ್ಕಿ! ನಮ್ಮ ರೈತರು ಮಳೆ ನಂಬಿದ ಹೊಲಕ್ಕೆ ಹೇಳುವ ಅದೇ ಖುಷ್ಕಿ. ಬಾಯಲ್ಲಿ ಇದ್ದದ್ದೇ ಕಣ್ಣಿಗೆ ಸಿಕ್ಕಂತಾಯ್ತು.

ಕೊನೆಯ ಎರಡು ಸಾಲು ಮಾತ್ರ ಶಿಕಸ್ತಾ, ಅಂದರೆ ಗೀಚು ಬರಹ. ಚುಕ್ಕೆನೇ ಇಲ್ಲ. ಗುರುಗಳಿಗೆ ತೋರಿಸಿದೆ. ಕಾಗದ ತಿರುಗಿಸಿ ಮುರುಗಿಸಿ ನೋಡಿ, “ಇದು ನಮ್ಮ ಸಾಲ್ಯಾಗ ಇನ್ನಾ ಬಂದಿಲ್ರಿ ತಾತಾ” ಅಂದಳು.