ನಮ್ಮ 800ಕ್ಕೆ ಹಾಕಿದ್ದು ತಣ್ಣನೆ ಪ್ಲಗ್

ನಮ್ಮ ಮನೆಯಲ್ಲಿ 1998ರ ಮಾರುತಿ 800 ಇದೆ. ಕಾರ್ಬ್ಯುರೇಟರ್ ಗಾಡಿ. ಅಪ್ಪ ಕೊಂಡಿದ್ದು, ಈಗ ನಾನು ಓಡಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಇಡೀ ಗಾಡಿ ನಡುಗಲು ಶುರುವಾಯಿತು. ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೂ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಾಗಿಬಿಡುತ್ತದೆ. ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮ ಮನೆ ಕಡೆಗಿನ ಏರನ್ನು ಎರಡನೇ ಗೇರಲ್ಲಿ ಹತ್ತುತ್ತಿದ್ದ ಗಾಡಿ, ಮೊದಲನೇ ಗೇರ್ ಕೇಳತೊಡಗಿತು.

ಎಂಟು ತಿಂಗಳ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಸಲು ಕಿಡಿ ಹಾರಿಸುವ ಪ್ಲಗ್, ಬದಲಾಯಿಸಿದ್ದರು. ಹಾಗಾಗಿ ಪ್ಲಗ್ ಮೇಲೆ ನನಗೆ ಅನುಮಾನವೇ ಬರಲಿಲ್ಲ. ಏರ್ ಫಿಲ್ಟರ್ ನೋಡಿದೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಒರೆಸಿದೆ, ವೈರ್‌ಗಳನ್ನು ಬಗ್ಗಿಸಿ ಬಿರುಕು ಹುಡುಕಿದೆ. ಎಲ್ಲ ಸರಿಯಾಗಿತ್ತು. ಕೊನೆಗೆ ಒಂದು ಭಾನುವಾರ ಪ್ಲಗ್ ಬಿಚ್ಚಲು ಕೂತೆ.

ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಬಿಸಿ ಇರುವಾಗ ಬಿಚ್ಚಿದರೆ ಪ್ಲಗ್ ಜೊತೆ ಹೆಡ್‌ನ ಥ್ರೆಡ್ಡೂ ಕಿತ್ತುಬರುವ ಅಪಾಯ ಇದೆ. ಬಿಚ್ಚುವ ಮೊದಲು ಸೈಕಲ್ ಪಂಪ್‌ನಿಂದ ಪ್ಲಗ್ ಸುತ್ತಲಿನ ಧೂಳನ್ನು ಊದಿದೆ. ನಮ್ಮ ಬೀದಿಯಲ್ಲಿ ವರ್ಷವಿಡೀ ಏನಾದರೂ ಅಗೆಯುತ್ತಲೇ ಇರುತ್ತಾರೆ, ಅಲ್ಲಿನ ಮಣ್ಣೆಲ್ಲ ಬಾನೆಟ್ ಒಳಗಿತ್ತು. ಊದದೆ ಬಿಚ್ಚಿದರೆ ಆ ಮಣ್ಣು ನೇರ ಸಿಲಿಂಡರ್ ಒಳಗೇ ಬೀಳುತ್ತದೆ. ಮೂರೂ ವೈರ್‌ಗೆ ಬಿಳಿ ಟೇಪ್ ಸುತ್ತಿ 1, 2, 3 ಅಂತ ಬರೆದೆ. ವೈರ್ ಎಳೆಯಬಾರದು. ಪ್ಲಗ್ ಮೇಲಿನ ರಬ್ಬರ್ ಟೋಪಿಯನ್ನು ಹಿಡಿದು, ಸ್ವಲ್ಪ ತಿರುಗಿಸಿ ಎತ್ತಬೇಕು.

ಮೊದಲ ಎರಡು ಪ್ಲಗ್ ಸಲೀಸಾಗಿ ಬಂದವು. ಮೂರನೆಯದು ಜಗ್ಗಲಿಲ್ಲ. ಯಾರೋ ಮೈಮೇಲಿನ ಶಕ್ತಿಯೆಲ್ಲ ಹಾಕಿ ಬಿಗಿದಿದ್ದರು. ಥ್ರೆಡ್ ಸುತ್ತ ನಾಲ್ಕು ಹನಿ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಕಾಫಿ ಕುಡಿದು ಬಂದೆ. ಆಮೇಲೆ ಎಂಟನೇ ಒಂದು ಸುತ್ತು ಬಿಚ್ಚುವುದು, ಅಷ್ಟೇ ವಾಪಸ್ ತಿರುಗಿಸುವುದು, ಮತ್ತೆ ಬಿಚ್ಚುವುದು. ಕಿರ್ ಅನ್ನುತ್ತಾ, ಇಪ್ಪತ್ತು ನಿಮಿಷ ಆದಮೇಲೆ ಹೊರಗೆ ಬಂತು. ಇಲ್ಲಿ ಅವಸರ ಮಾಡಿದ್ದರೆ ಹೆಡ್ಡನ್ನೇ ಇಳಿಸಬೇಕಾಗುತ್ತಿತ್ತು.

ಮೂರನ್ನೂ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮೊದಲ ಎರಡರ ತುದಿಯಲ್ಲಿ ಒಣ ಮಸಿ. ಬೆರಳಲ್ಲಿ ಉಜ್ಜಿದರೆ ಕಾಡಿಗೆ ಥರ ಅಂಟುತ್ತಿತ್ತು. ಮೂರನೆಯದು ಕಪ್ಪಗೂ ಇತ್ತು, ಒದ್ದೆಯೂ ಆಗಿತ್ತು. ಮೂಸಿದರೆ ಪೆಟ್ರೋಲ್ ವಾಸನೆ. ಅಂದರೆ ಆ ಸಿಲಿಂಡರಿನಲ್ಲಿ ಕಿಡಿಯೇ ಸರಿಯಾಗಿ ಹಾರುತ್ತಿಲ್ಲ. ಮಸಿ ಅಂದರೆ ಇಂಗಾಲ, ಅದರಲ್ಲಿ ಕರೆಂಟ್ ಹರಿಯುತ್ತದೆ. ಬಿಳಿ ಪಿಂಗಾಣಿಯ ಮೇಲೆ ಮಸಿ ಕೂತರೆ ಕರೆಂಟು ತುದಿಯ ಗ್ಯಾಪ್ ಹಾರುವ ಬದಲು ಮಸಿ ಮೇಲೇ ಹರಿದು ಪ್ಲಗ್‌ನ ಲೋಹದ ಮೈಗೆ ಹೋಗಿಬಿಡುತ್ತದೆ. ಒದ್ದೆಯಾಗಿದ್ದದ್ದು ಎಣ್ಣೆಯಿಂದ ಆಗಿದ್ದರೆ ನಾನು ಹೆದರುತ್ತಿದ್ದೆ. ಪಿಸ್ಟನ್ ರಿಂಗು, ವಾಲ್ವ್ ಸೀಲು ಅಂತ ಕೆಲಸ ದೊಡ್ಡದಾಗುತ್ತಿತ್ತು.

ಆಮೇಲೆ ಪ್ಲಗ್ ಮೇಲಿನ ಅಕ್ಷರ ಓದಿದೆ. ಕಾರಣ ಅಲ್ಲೇ ಇತ್ತು.

ಮೊದಲು ನಮ್ಮ ಗಾಡಿಯಲ್ಲಿ ಇರುತ್ತಿದ್ದದ್ದು ಬಾಷ್ ಕಂಪನಿಯ 7ನೇ ನಂಬರ್ ಪ್ಲಗ್. ಗ್ಯಾರೇಜಿನವರು ಹಾಕಿದ್ದದ್ದು ಎನ್‌ಜಿಕೆ ಕಂಪನಿಯ 7. ನಂಬರ್ ಒಂದೇ ಅಲ್ವಾ ಅನ್ನಿಸುತ್ತದೆ, ಆದರೆ ಇವೆರಡರ ಲೆಕ್ಕ ಉಲ್ಟಾ. ಬಾಷ್‌ನಲ್ಲಿ ನಂಬರ್ ಜಾಸ್ತಿ ಆದಷ್ಟೂ ಪ್ಲಗ್ ಬಿಸಿ. ಎನ್‌ಜಿಕೆಯಲ್ಲಿ ನಂಬರ್ ಜಾಸ್ತಿ ಆದಷ್ಟೂ ತಣ್ಣಗೆ. ಬಾಷ್ 7ಕ್ಕೆ ಹತ್ತಿರದ್ದು ಎನ್‌ಜಿಕೆ 6, ಬಾಷ್ 8ಕ್ಕೆ ಎನ್‌ಜಿಕೆ 5. ಅಂದರೆ ನಮ್ಮ ಗಾಡಿಗೆ ಒಂದು ಮೆಟ್ಟಿಲು ತಣ್ಣನೆಯ ಪ್ಲಗ್ ಕೂತಿತ್ತು.

ಬಿಸಿ ಪ್ಲಗ್ ಅಂದರೆ ಕಿಡಿ ಜೋರು ಅಂತ ಅಲ್ಲ. ತುದಿಯ ಶಾಖ ಎಷ್ಟು ಬೇಗ ಹೆಡ್‌ಗೆ ಹೋಗುತ್ತದೆ ಅನ್ನುವುದರ ಲೆಕ್ಕ ಅದು. ಪಿಂಗಾಣಿಯ ಮೂಗು ಉದ್ದ ಇದ್ದರೆ ಶಾಖ ನಿಧಾನ ಹೋಗುತ್ತದೆ, ತುದಿ ಬಿಸಿಯಾಗಿರುತ್ತದೆ. ಗಿಡ್ಡ ಇದ್ದರೆ ಬೇಗ ತಣ್ಣಗಾಗುತ್ತದೆ. ತುದಿ ಸುಮಾರು 450ರಿಂದ 500 ಡಿಗ್ರಿ ಮುಟ್ಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. 850 ದಾಟಿದರೆ ಕಿಡಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೆ ಅಪಾಯ. ಕಾವಲಿ ಕಾಯುವ ಮೊದಲೇ ದೋಸೆ ಹುಯ್ದರೆ ಅಂಟಿಕೊಳ್ಳುತ್ತದಲ್ವಾ, ತಣ್ಣನೆ ಪ್ಲಗ್‌ಗೆ ಮಸಿ ಹಿಡಿಯುವುದೂ ಹಾಗೇ.

ನನ್ನ ಓಡಾಟವೂ ಅದಕ್ಕೆ ಸರಿಯಾಗಿ ಸೇರಿಕೊಂಡಿತು. ಅಮ್ಮನನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗುವುದು, ಜಯನಗರಕ್ಕೆ ಹೋಗಿ ಬರುವುದು. ಎರಡು ಮೂರು ಕಿಲೋಮೀಟರ್, ಅದರಲ್ಲೂ ಅರ್ಧ ಹೊತ್ತು ಸಿಗ್ನಲ್‌ನಲ್ಲಿ, ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಎಳೆದುಕೊಂಡು. ಇಷ್ಟರಲ್ಲಿ ಪ್ಲಗ್ ಸರಿಯಾಗಿ ಕಾಯುವುದೇ ಇಲ್ಲ. ದಿನಾ ಮೈಸೂರು ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ಓಡಿಸುವವರಿಗೆ ಇದೇ ಪ್ಲಗ್ ತೊಂದರೆ ಕೊಡದೇ ಇರಬಹುದು.

ಮಾರನೇ ದಿನ ಗಾಡಿಯ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋದೆ. ಅಂಗಡಿಯವರು ಮೊದಲು ಕೇಳಿದ್ದೇ, "ಹಳೇದು ತಂದಿದ್ದೀರಾ ಸರ್?" ಹಳೇ ಬಾಷ್ ಒಂದು ಮನೆಯಲ್ಲಿ ಉಳಿದಿತ್ತು, ತೋರಿಸಿದೆ. ಪಕ್ಕದಲ್ಲಿ ಅದಕ್ಕೆ ಹೊಂದುವ ಹೊಸದನ್ನಿಟ್ಟು ಥ್ರೆಡ್‌ನ ಉದ್ದ ಸರಿನೋಡಿದರು. 14 ಮಿಲಿಮೀಟರ್ ದಪ್ಪ, 19 ಮಿಲಿಮೀಟರ್ ಉದ್ದ. ಉದ್ದ ಜಾಸ್ತಿ ಆದರೆ ಪಿಸ್ಟನ್‌ಗೆ ತಾಗಬಹುದು. "ಇರಿಡಿಯಂ ಕೊಡಲಾ, ತುಂಬಾ ದಿನ ಬರುತ್ತೆ" ಅಂದರು. ಬೇಡ ಅಂದೆ. ಅದು ಒಳ್ಳೆಯ ಪ್ಲಗ್ಗೇ. ಆದರೆ ಹಳೇ ಕಾರ್ಬ್ಯುರೇಟರ್ ಗಾಡಿಯಲ್ಲಿ ನಾನು ಆಗಾಗ ಬಿಚ್ಚಿ ಬಣ್ಣ ನೋಡುತ್ತಿರುತ್ತೇನೆ, ಅದಕ್ಕೆ ಮಾಮೂಲಿ ನಿಕ್ಕಲ್ ಪ್ಲಗ್ ಸಾಕು.

ಗ್ಯಾಪ್ ಅನ್ನು ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ 0.8 ಮಿಲಿಮೀಟರ್‌ಗೆ ಇಟ್ಟೆ. ಡಬ್ಬಿಯಿಂದ ತೆಗೆದ ಒಂದರಲ್ಲಿ ಜಾಸ್ತಿ ಇತ್ತು. ಹೊರಗಿನ ಕೊಂಡಿಯನ್ನು ಮಾತ್ರ ಬಗ್ಗಿಸಬೇಕು, ನಡುವಿನ ಕಡ್ಡಿಗೆ ಒತ್ತಡ ಬೀಳಬಾರದು. ಕೂರಿಸುವಾಗ ಪ್ಲಗ್‌ನ ಹಿಂಭಾಗಕ್ಕೆ ಒಂದು ಗೇಣು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲಿ ತಿರುಗಿಸಿದೆ. ಥ್ರೆಡ್ ಅಡ್ಡ ಹತ್ತಿದರೆ ಪೈಪ್ ಜಾರುತ್ತದೆ, ಹೆಡ್‌ಗೆ ಏಟು ಬೀಳುವುದಿಲ್ಲ. ವಾಷರ್ ಕೂತ ಮೇಲೆ ಪಾನಾದಲ್ಲಿ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಮಿಸ್ಸಿಂಗ್ ಅವತ್ತೇ ಹೋಯಿತು. ಏರಿನಲ್ಲಿ ಎರಡನೇ ಗೇರ್ ಮತ್ತೆ ಸಾಕಾಯಿತು. ಒಂದು ತಿಂಗಳು ಬಿಟ್ಟು ಮೂರನೇ ಪ್ಲಗ್ ಒಂದನ್ನೇ ಬಿಚ್ಚಿ ನೋಡಿದೆ. ಮೂಗು ಮಾರಿ ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು, ಒಣಗಿತ್ತು. ಒರೆಸಿ ವಾಪಸ್ ಹಾಕಿದೆ. ವಾಷರ್ ಆಗಲೇ ಚಪ್ಪಟೆಯಾಗಿದ್ದರಿಂದ ಈ ಸಲ ಹನ್ನೆರಡನೇ ಒಂದು ಸುತ್ತಷ್ಟೇ ಬಿಗಿದೆ.